ಪಿಸ್ಟನ್ನಿಗೆ ದುಡ್ಡುಂಟು, ಪುಸ್ತಕಕ್ಕಿಲ್ಲ!

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಕಾರ್ಖಾನೆ ಸತ್ತಿತು, ಗಾಡಿ ಸಾಯಲಿಲ್ಲ. ಇವತ್ತಿಗೂ ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆಯ ಯಾವುದಾದರೂ ಹಳೇ ಮನೆಯ ದನದ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದ ಒಂದು ಯೆಜ್ಡಿ ಸಿಕ್ಕರೆ ಅದನ್ನು ಎಬ್ಬಿಸಿ ರಸ್ತೆಗೆ ತರುವ ಹುಚ್ಚಿನವರು ಇದ್ದಾರೆ. ಹುಚ್ಚು ಎಂದರೆ ಬೈಗುಳವಲ್ಲ. ಸಂಬಳದ ದಿನ ಹೆಂಡತಿಗೆ ಸುಳ್ಳು ಹೇಳಿ ಕಾರ್ಬುರೇಟರ್ ತರುವವನಿಗೆ ಇನ್ನೇನು ಹೇಳಬೇಕು?

ಈ ಹುಚ್ಚಿನವರ ಖರ್ಚಿನ ಪಟ್ಟಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಪಿಸ್ಟನ್ನಿಗೆ ದುಡ್ಡು, ರಿಂಗಿಗೆ ದುಡ್ಡು, ಕ್ರೋಮ್ ಪಾಲಿಷಿಗೆ ದುಡ್ಡು, ಟ್ಯಾಂಕಿನ ಮೇಲಿನ ಸ್ಟಿಕ್ಕರಿಗೂ ದುಡ್ಡು. ರಿಪೇರಿ ಪುಸ್ತಕದ ಮಾತು ಬಂದಾಗ ಮಾತ್ರ ಕೈ ಜೇಬಿನಿಂದ ಹೊರಗೆ ಬರುತ್ತದೆ, ಮೊಬೈಲ್ ಹಿಡಿದುಕೊಂಡು. "ಅಣ್ಣಾ, ಮ್ಯಾನ್ಯುಯಲ್ ಐತೇನು? ವಾಟ್ಸಪ್ಪಿಗೆ ಬಿಡು." ಅಣ್ಣ ಬಿಡುತ್ತಾನೆ. ಅಣ್ಣನಿಗೆ ಇನ್ನೊಬ್ಬ ಅಣ್ಣ ಬಿಟ್ಟಿರುತ್ತಾನೆ.

ಚಿಗಟೇರಿ ನಾರದಮುನಿಯ ಊರು. ಮೂರು ಲೋಕದ ಸುದ್ದಿಯನ್ನು ಪುಕ್ಕಟೆ ಸಾಗಿಸಿದ ಮಹಾಶಯನ ದೇವಸ್ಥಾನ ಇರುವ ಊರಲ್ಲಿ ಪುಸ್ತಕಕ್ಕೆ ದುಡ್ಡು ಕೊಡಿ ಅಂತ ಹೇಳುವುದು ಸ್ವಲ್ಪ ಕಷ್ಟವೇ. ಆದರೂ ಹೇಳಬೇಕಾದ ಮಾತು ಇದೆ. ಏಕೆಂದರೆ ಪುಕ್ಕಟೆ ಪುಸ್ತಕದಿಂದ ಹಾಳಾಗುತ್ತಿರುವುದು ಪುಸ್ತಕ ಬರೆದವನ ಹೊಟ್ಟೆ ಒಂದೇ ಅಲ್ಲ.

ಮೊದಲು ಗಾಡಿಯ ಮಾತೇ ಆಗಲಿ. ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನಲ್ಲಿ 1960ರ ದಶಕದ ಆರಂಭದಲ್ಲಿ ಶುರುವಾದ ಕಾರ್ಖಾನೆ ಅದು. 1973ರಿಂದ ಯೆಜ್ಡಿ ಎಂಬ ಹೆಸರು, 1978ರಲ್ಲಿ ರೋಡ್‌ಕಿಂಗ್. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೂ ಅದೇ, ಗೇರ್ ಹಾಕುವ ಲಿವರೂ ಅದೇ. ಬೇರೆ ಗಾಡಿ ಓಡಿಸಿ ಅಭ್ಯಾಸ ಇದ್ದವನು ಮೊದಲ ಸಲ ಹತ್ತಿ ಕೂತರೆ ಕಿಕ್ಕರ್ ಎಲ್ಲಿ ಅಂತ ಬಗ್ಗಿ ಹುಡುಕುತ್ತಾನೆ. ಇನ್ನೂ ಒಂದು ವಿಶೇಷ: ಗೇರ್ ಲಿವರ್ ತುಳಿದಾಗ ಕ್ಲಚ್ ತಾನಾಗೇ ಬಿಡುವ ಏರ್ಪಾಡು. ಎಡಗಡೆ ಕವರ್ ಬಿಚ್ಚಿ ಮತ್ತೆ ಕೂಡಿಸುವಾಗ ಈ ಏರ್ಪಾಡನ್ನು ಕ್ರಮವಾಗಿ ಹೊಂದಿಸದಿದ್ದರೆ ಕ್ಲಚ್ ಜಾರುತ್ತದೆ, ಇಲ್ಲವೇ ಪೂರ್ತಿ ಬಿಡುವುದೇ ಇಲ್ಲ. ಸ್ಪ್ಲೆಂಡರ್ ಬಿಚ್ಚಿ ಪಳಗಿದ ಕೈಗೆ ಇದು ಗೊತ್ತಿರಬೇಕು ಅಂತೇನಿಲ್ಲ. ಯೆಜ್ಡಿ ಬಲ್ಲ ಹಳೇ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮತ್ತೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್, ನೀರು ತಂಪು ಮಾಡುವ ಎಂಜಿನ್ನು. ಅವುಗಳ ಪುಸ್ತಕ ಇವಕ್ಕೆ ಆಗದು.

ಅಂದಮೇಲೆ ಹಳೇ ಗಾಡಿಯವನಿಗೆ ಪುಸ್ತಕವೇ ಮೇಸ್ತ್ರಿ. ಆ ಮೇಸ್ತ್ರಿ ಯಾವ ಸ್ಥಿತಿಯಲ್ಲಿ ಮನೆಗೆ ಬರುತ್ತಾನೆ ಅನ್ನುವುದು ಮುಂದಿನ ಪ್ರಶ್ನೆ.

ಕಳ್ಳ ಪ್ರತಿ ಎಂದರೆ ಸಾಮಾನ್ಯವಾಗಿ ಝೆರಾಕ್ಸಿನ ಝೆರಾಕ್ಸಿನ ಫೋಟೋ. ಯಾರೋ ಒಬ್ಬ ಪುಣ್ಯಾತ್ಮ ಎಂದೋ ಅಸಲಿ ಪುಸ್ತಕದಿಂದ ಝೆರಾಕ್ಸ್ ತೆಗೆಸಿದ. ಅದನ್ನು ಇನ್ನೊಬ್ಬ ತೆಗೆಸಿದ. ಮೂರನೆಯವ ಮೊಬೈಲಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ. ಪ್ರತಿ ಸುತ್ತಿಗೂ ಒಂದಿಷ್ಟು ಶಾಯಿ ಹಾರುತ್ತದೆ. ಮೊದಲು ಹಾರುವುದು ಅತಿ ಸಣ್ಣದು, ಅಂದರೆ ದಶಮಾಂಶದ ಚುಕ್ಕಿ. 0.4 ಮಿಲಿಮೀಟರ್ ಎಂದಿದ್ದದ್ದು 04 ಆಗುತ್ತದೆ. 1.5 ಎಂದಿದ್ದ ಬಿಗಿತ 15 ಆಗುತ್ತದೆ. ಬೋಲ್ಟಿಗೆ ಹತ್ತುಪಟ್ಟು ಬಲ ಹಾಕಿದರೆ ಅಲ್ಯೂಮಿನಿಯಂ ಕೇಸಿನ ಮರೆ ಕಿತ್ತುಕೊಂಡು ಬರುತ್ತದೆ. ಆಮೇಲೆ ಆ ಕೇಸು ಹುಡುಕಲು ದೇಶವೆಲ್ಲ ಫೋನು.

ಇದು ಬರೀ ಹೆದರಿಸುವ ಮಾತಲ್ಲ. ರೇಡಿಯೋ ಸರ್ಕ್ಯೂಟ್ ಓದಿ ಬಲ್ಲವರನ್ನು ಕೇಳಿ. 4.7 ಕಿಲೋ ಓಮ್ ಎಂದು ಬರೆಯುವ ಬದಲು 4ಕೆ7 ಎಂದು ಬರೆಯುವ ರೂಢಿ ಇದೆ, ಅಂಕಿಯ ನಡುವೆ ಅಕ್ಷರ. ಬ್ರಿಟಿಷರ ಮಾನಕದಲ್ಲಿಯೇ ಸೇರಿದ್ದ ಪದ್ಧತಿ ಅದು. ಅದರ ಒಂದು ದೊಡ್ಡ ಲಾಭ ಏನೆಂದರೆ, ನಕಲು ತೆಗೆದಾಗ ಚುಕ್ಕಿ ಅಳಿಸಿ 4.7 ಎಂಬುದು 47 ಆಗುವ ಗಂಡಾಂತರ ಇಲ್ಲ. ಚುಕ್ಕಿ ಹಾರುತ್ತದೆ ಎಂಬುದು ಎಂಜಿನಿಯರುಗಳಿಗೇ ಗೊತ್ತಿದ್ದ ಕಾಯಿಲೆ. ಎಲ್ಲ ಪುಸ್ತಕದವರೂ ಈ ಔಷಧಿ ಬಳಸಲಿಲ್ಲ ಅಷ್ಟೆ.

ಎರಡನೆಯದು ಬಣ್ಣ. ಗಾಡಿಯ ವೈರಿಂಗ್ ನಕ್ಷೆಯಲ್ಲಿ ಕೆಂಪು ಎಲ್ಲಿಗೆ, ನೀಲಿ ಎಲ್ಲಿಗೆ ಎಂಬುದೇ ವಿಷಯ. ಬಣ್ಣದಲ್ಲಿ ಅಚ್ಚಾದ ನಕ್ಷೆಯನ್ನು ಕಪ್ಪು ಬಿಳುಪು ಝೆರಾಕ್ಸ್ ಮಾಡಿದರೆ ಎಲ್ಲ ತಂತಿಯೂ ಬೂದಿ. ದೊಡ್ಡ ಹಾಳೆಯ ಮಡಚು ನಕ್ಷೆಯನ್ನು ಎರಡು ತುಂಡು ಮಾಡಿ ನಕಲು ತೆಗೆದರೆ ಮಧ್ಯದ ಬೆರಳಗಲ ಜಾಗ ಮಾಯ. ಡೈನಮೋದಿಂದ ಬಂದ ತಂತಿ ಆ ಕಣಿವೆಯಲ್ಲಿ ಬಿದ್ದು ಎಲ್ಲಿ ಎದ್ದಿತೋ ಶಿವನೇ ಬಲ್ಲ.

ಮೂರನೆಯದು ನಿಜಕ್ಕೂ ಅಪಾಯದ್ದು. ನಕಲು ತೆಗೆಯುವವನಿಗೆ ಕಾಗದದ ಖರ್ಚಿನ ಚಿಂತೆ. ಮೊದಲಿನ ಪುಟಗಳು ಬರೀ ಉಪದೇಶ ಅಂತ ಬಿಟ್ಟುಬಿಡುತ್ತಾನೆ. ಎಚ್ಚರಿಕೆಗಳು ಇರುವುದೇ ಆ ಪುಟಗಳಲ್ಲಿ! ಹಳೇ ಬಣ್ಣದ ಟಿ.ವಿ.ಯ ಗಾಜಿನ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಮೇಲೆ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಮೈಕ್ರೋವೇವ್ ಓವನ್ನಿನ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್, ಮನುಷ್ಯನನ್ನು ಕೊಲ್ಲುವಷ್ಟು. ಅದನ್ನು ಯಾವ ಕ್ರಮದಲ್ಲಿ ಖಾಲಿ ಮಾಡಬೇಕು, ಎಲ್ಲಿ ಕೈ ಇಡಬಾರದು ಎಂದು ಬರೆದ ಪುಟವನ್ನೇ ಹರಿದು ಬಿಸಾಕಿದ ಪುಸ್ತಕ ಪುಕ್ಕಟೆ ಸಿಕ್ಕಿತೆಂದು ಹಿಗ್ಗುವವನ ಬುದ್ಧಿಗೆ ಏನನ್ನಬೇಕು? ಕಸುಬಿನ ಮೆಕ್ಯಾನಿಕ್ಕಿಗೆ ಇದು ರೂಢಿಯಿಂದ ಗೊತ್ತಿರುತ್ತದೆ. ಭಾನುವಾರದ ಹವ್ಯಾಸಿಗೆ ಗೊತ್ತಿರುವುದಿಲ್ಲ. ಪುಸ್ತಕದ ಅಗತ್ಯ ಹೆಚ್ಚು ಇರುವುದು ಅವನಿಗೇ.

"ಅದೆಲ್ಲ ಸರಿ ಬಿಡ್ರೀ, ಆದ್ರ ನಾಕು ಹಾಳೆ ಬರಿಯಾಕ ಅಷ್ಟ್ಯಾಕ ರೇಟು?" ಎಂಬುದು ಬಸ್ಸಿನಲ್ಲಿ ಕೂತವರ ಪ್ರಶ್ನೆ. ನಾಕು ಹಾಳೆ ಹೇಗೆ ಹುಟ್ಟುತ್ತವೆ ಎಂಬುದನ್ನು ನೋಡಬೇಕು.

ಇಂಗ್ಲೆಂಡಿನ ಜಾನ್ ಹೇನ್ಸ್ ವಾಯುಪಡೆಯಲ್ಲಿದ್ದಾಗ ಸ್ನೇಹಿತನೊಬ್ಬ ಆಸ್ಟಿನ್ ಹೀಲಿ ಸ್ಪ್ರೈಟ್ ಎಂಬ ಹಳೇ ಕಾರು ಕೊಂಡಿದ್ದ. ಕಂಪನಿಯ ಪುಸ್ತಕ ತೆರೆದು ನೋಡಿದರೆ ಸಾಮಾನ್ಯ ಮನುಷ್ಯನಿಗೆ ತಲೆಬುಡ ಅರ್ಥವಾಗದು. ಹೇನ್ಸ್ ಆ ಎಂಜಿನ್ನನ್ನು ಬಿಚ್ಚಿ, ಮತ್ತೆ ಕಟ್ಟಿ, ಹೆಜ್ಜೆ ಹೆಜ್ಜೆಗೂ ಫೋಟೋ ಹಿಡಿದ. 1966ರಲ್ಲಿ ಅದು ಪುಸ್ತಕವಾಯಿತು. ಮೊದಲ ಅಚ್ಚಿನ 3,000 ಪ್ರತಿ ಮೂರು ತಿಂಗಳೊಳಗೆ ಖರ್ಚು. ಆಮೇಲೆ ಅದೇ ಪದ್ಧತಿ ಬೆಳೆಯಿತು: ಗಾಡಿ ತರುವುದು, ಪೂರ್ತಿ ಬಿಚ್ಚುವುದು, ಪೂರ್ತಿ ಕಟ್ಟುವುದು, ಎಡವಿದ ಕಡೆಯೆಲ್ಲ ಬರೆದಿಡುವುದು. ಒಂದು ಗಾಡಿಯ ಬೆಲೆ, ಕೆಲಸಗಾರರ ಎಷ್ಟೋ ವಾರಗಳ ಸಂಬಳ, ಫೋಟೋ, ಅಚ್ಚು, ಇಷ್ಟು ಸೇರಿ ಆ "ನಾಕು ಹಾಳೆ". ಹೇನ್ಸ್ 2019ರಲ್ಲಿ ತೀರಿಕೊಂಡರು. ಹೊಸ ಮಾದರಿಗಳಿಗೆ ಇನ್ನು ಅಚ್ಚಿನ ಪುಸ್ತಕ ತರುವುದಿಲ್ಲ ಎಂದು 2020ರಲ್ಲಿ ಅವರ ಕಂಪನಿ ಹೇಳಿತು. ಅದಕ್ಕೆ ಕಂಪ್ಯೂಟರ್ ತುಂಬಿದ ಹೊಸ ಕಾರುಗಳೂ ಕಾರಣ, ಓದುವ ರೀತಿ ಬದಲಾದದ್ದೂ ಕಾರಣ. ಎಲ್ಲವನ್ನೂ ಕಳ್ಳ ಪ್ರತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ರೇಡಿಯೋದವರಿಗೆ ಅಮೆರಿಕದ ಹೊವರ್ಡ್ ಸ್ಯಾಮ್ಸ್ ಹೆಸರು ಗೊತ್ತಿರಬಹುದು. 1946ರಲ್ಲಿ ಶುರುವಾದ ಫೋಟೋಫ್ಯಾಕ್ಟ್ ಎಂಬ ಕಡತಗಳು ಅವರವು. ಕಂಪನಿ ಕೊಟ್ಟ ನಕ್ಷೆಯನ್ನು ಹಾಗೇ ಅಚ್ಚು ಹಾಕುವ ಬದಲು ಸೆಟ್ಟನ್ನೇ ಮೇಜಿನ ಮೇಲಿಟ್ಟು ಬಿಚ್ಚಿ, ಅಳೆದು, ಎಲ್ಲ ಕಂಪನಿಗೂ ಒಂದೇ ನಮೂನೆಯಲ್ಲಿ ನಕ್ಷೆ ಬರೆಸಿದರು. ರಿಪೇರಿಯವರು ಕಾಸು ಕೊಟ್ಟು ಕೊಂಡರು. ಕೊಂಡದ್ದರಿಂದ ಮುಂದಿನ ಸೆಟ್ಟಿನ ಕಡತ ಬಂತು.

ಅಷ್ಟು ದೂರ ಯಾಕೆ ಹೋಗಬೇಕು, ಹರಪನಹಳ್ಳಿ ಸೀಮೆಯ ಯಾವುದೇ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ ನೋಡಿ. ಬೋರ್‌ವೆಲ್ ಮೋಟರ್ ಸುಟ್ಟುಕೊಂಡು ರೈತ ಹೆಗಲ ಮೇಲೆ ಹೊತ್ತು ತರುತ್ತಾನೆ. ಮೇಸ್ತ್ರಿ ಸುಟ್ಟ ಸುರುಳಿ ಬಿಚ್ಚುವಾಗ ಸುಮ್ಮನೆ ಬಿಚ್ಚುವುದಿಲ್ಲ, ಎಣಿಸುತ್ತಾನೆ. ಎಷ್ಟು ಎಚ್.ಪಿ., ಎಷ್ಟು ಸ್ಲಾಟು, ಸ್ಲಾಟಿಗೆ ಎಷ್ಟು ಸುತ್ತು, ತಂತಿ ಎಷ್ಟು ಗೇಜು, ಎಲ್ಲಿಂದ ಎಲ್ಲಿಗೆ ಕನೆಕ್ಷನ್ನು. ಎಲ್ಲವೂ ಒಂದು ಹಳೇ ನೋಟ್‌ಬುಕ್ಕಿಗೆ ಹೋಗುತ್ತದೆ. ಸುತ್ತು ಕಮ್ಮಿಯಾದರೆ ಮೋಟರ್ ಕಾದು ಮತ್ತೆ ಸುಡುತ್ತದೆ, ಹೆಚ್ಚಾದರೆ ನೀರು ಎತ್ತುವುದಿಲ್ಲ. ಗ್ರೀಸು, ವಾರ್ನಿಷು ಮೆತ್ತಿಕೊಂಡ ಆ ನೋಟ್‌ಬುಕ್ಕೇ ಅಂಗಡಿಯ ಆಸ್ತಿ. ಪಕ್ಕದ ಬೀದಿಯ ಹೊಸ ಅಂಗಡಿಯವನು ಬಂದು "ಯಜಮಾನ್ರೆ, ನಿಮ್ಮ ಬುಕ್ಕು ಒಂದ್ ತಾಸು ಕೊಡ್ರಿ, ಝೆರಾಕ್ಸ್ ಮಾಡಿಸ್ಕಂಡು ಬರ್ತೀನಿ" ಅಂದರೆ ಯಜಮಾನರು ಏನು ಹೇಳುತ್ತಾರೆ? ಅಂಗಡಿಯವರಿಗೆ ಉತ್ತರ ಗೊತ್ತಿದೆ, ಇಲ್ಲಿ ಅಚ್ಚು ಹಾಕಲು ಬರುವಂಥದ್ದಲ್ಲ. ಮೂವತ್ತು ವರ್ಷ ಎಣಿಸಿ ಎಣಿಸಿ ಬರೆದದ್ದು ಅದು. ಆದರೆ ಅದೇ ಯಜಮಾನರ ಮಗ ಮೊಬೈಲ್ ರಿಪೇರಿ ಕಲಿಯಲು ಹೋದರೆ ಬೋರ್ಡಿನ ನಕ್ಷೆ ಕಳ್ಳ ಪೆನ್‌ಡ್ರೈವಿನಲ್ಲೇ ಬರಬೇಕು! ಮನೆಯ ನೋಟ್‌ಬುಕ್ಕಿಗೆ ಒಂದು ನ್ಯಾಯ, ಪರಸ್ಥಳದವನ ನೋಟ್‌ಬುಕ್ಕಿಗೆ ಇನ್ನೊಂದು.

ಪುಕ್ಕಟೆ ಎಂಬುದೂ ಸುಳ್ಳೇ. 200 ಪುಟದ ಪುಸ್ತಕ, ಪುಟಕ್ಕೆ ಎರಡು ರೂಪಾಯಿ ಹಿಡಿದರೆ 400 ಆಯಿತು. ಸ್ಪೈರಲ್ ಬೈಂಡಿಂಗು ಬೇರೆ. ಹವ್ಯಾಸಿಯ ದುಡ್ಡು ಹೋಗುವುದು ಹೋಗಿಯೇ ಹೋಗುತ್ತದೆ, ಬರೆದವನಿಗೆ ಮಾತ್ರ ಮುಟ್ಟುವುದಿಲ್ಲ.

ಝೆರಾಕ್ಸ್ ಅಂಗಡಿಯವರಿಗೂ ಇಲ್ಲಿ ಒಂದು ಮಾತು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಾಗದದ ಹುಲಿ ಅಂತ ತಿಳಿಯುವುದು ಬೇಡ. ಅದರ 63ನೇ ಕಲಮಿನ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದವನಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವನಿಗೂ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ಕೋರ್ಟು ಕಾರಣ ಬರೆದು ಶಿಕ್ಷೆ ತಗ್ಗಿಸಬಹುದು. ಹಾಗಂತ ಕಾನೂನು ಕುರುಡೂ ಅಲ್ಲ. ಸ್ವಂತ ಉಪಯೋಗಕ್ಕೆ, ಅಭ್ಯಾಸಕ್ಕೆ ನ್ಯಾಯವಾದ ಮಿತಿಯೊಳಗೆ ನಕಲು ತೆಗೆಯುವುದಕ್ಕೆ 52ನೇ ಕಲಮಿನಲ್ಲಿ ಅವಕಾಶ ಇದೆ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ಝೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. 2016ರಲ್ಲಿ ದಿಲ್ಲಿ ಹೈಕೋರ್ಟು ಅಂಗಡಿಯ ಪರ ನಿಂತಿತು, ವಿದ್ಯಾರ್ಥಿಗಳ ಪಾಠಕ್ಕೆ ಬೇಕಾದ ಭಾಗಗಳ ನಕಲು ಎಂಬ ಕಾರಣಕ್ಕೆ. ಅದನ್ನು ಕೇಳಿ "ನೋಡ್ರಿ, ಕೋರ್ಟೇ ಹೇಳೈತಿ" ಅನ್ನುವವರು ಪೂರ್ತಿ ತೀರ್ಪು ಕೇಳಿಸಿಕೊಂಡಿಲ್ಲ. ಕಾಲೇಜಿನ ಪಾಠ ಬೇರೆ, ಇಡೀ ರಿಪೇರಿ ಪುಸ್ತಕವನ್ನು ಬೈಂಡ್ ಮಾಡಿ ಕೌಂಟರಿನಲ್ಲಿ ಮಾರುವುದು ಬೇರೆ.

ಇನ್ನು ಎದುರು ಪಕ್ಷದ ಮಾತು. ಅವರ ಮಾತಿನಲ್ಲೂ ಹುರುಳಿದೆ.

ಕಂಪನಿಗಳು ಸಾಚಾ ಅಲ್ಲ. ಎಷ್ಟೋ ಕಡೆ ಪುಸ್ತಕವನ್ನು ತಮ್ಮ ಸ್ವಂತ ಸರ್ವಿಸ್ ಸೆಂಟರಿಗಲ್ಲದೆ ಹೊರಗಿನವರಿಗೆ ಕೊಡುವುದಿಲ್ಲ. ದುಡ್ಡು ಕೊಡುತ್ತೇನೆಂದರೂ ಇಲ್ಲ. ಅಂಥಲ್ಲಿ ಕಳ್ಳ ಪ್ರತಿ ಹುಟ್ಟುವುದು ದುರಾಸೆಯಿಂದಲ್ಲ, ಬಾಯಾರಿಕೆಯಿಂದ. ಈ ಜಗಳ ಲೋಕದಲ್ಲೆಲ್ಲ ನಡೆದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರ ನವೆಂಬರಿನಲ್ಲಿ ವಾಹನ ರಿಪೇರಿ ಹಕ್ಕಿನ ಬಗ್ಗೆ ಜನರೇ ಓಟು ಹಾಕಿದರು, ನೂರಕ್ಕೆ 80ಕ್ಕೂ ಹೆಚ್ಚು ಜನ ಪರ. ಅಲ್ಲಿನವರು ಕೇಳಿದ್ದು ಏನು ಎಂಬುದನ್ನು ಗಮನಿಸಬೇಕು. ಪುಕ್ಕಟೆ ಕೊಡಿ ಅನ್ನಲಿಲ್ಲ. ಡೀಲರಿಗೆ ಕೊಡುವ ಮಾಹಿತಿಯನ್ನೇ ಮಾಲೀಕನಿಗೂ, ಹೊರಗಿನ ಮೆಕ್ಯಾನಿಕ್ಕಿಗೂ ನ್ಯಾಯವಾದ ಬೆಲೆಗೆ ಕೊಡಿ ಅಂದರು. ರಿಪೇರಿ ಹಕ್ಕಿಗಾಗಿ ಬೀದಿಗಿಳಿದವರೇ ಬೆಲೆ ಬೇಡ ಅನ್ನಲಿಲ್ಲ.

ನಮ್ಮ ದೇಶದಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ಗ್ರಾಹಕರ ದಿನ, ರಿಪೇರಿ ಹಕ್ಕಿನ ಪೋರ್ಟಲ್ ಶುರುವಾಯಿತು. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸು, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ವಿಭಾಗ. ಅಲ್ಲಿಂದ ಕಂಪನಿಗಳ ಪುಸ್ತಕ, ಸರ್ವಿಸ್ ಸೆಂಟರ್ ವಿವರ ಸಿಗುವಂತೆ ಮಾಡುವುದು ಉದ್ದೇಶ. ಐಫಿಕ್ಸಿಟ್ ಎಂಬ ಅಮೆರಿಕದ ಸಂಸ್ಥೆ 2003ರಿಂದ ರಿಪೇರಿ ಕ್ರಮವನ್ನು ಫೋಟೋ ಸಮೇತ ಪುಕ್ಕಟೆ ಕೊಡುತ್ತದೆ, ಬಿಡಿಭಾಗ ಮತ್ತು ಹತ್ಯಾರು ಮಾರಿ ಬದುಕುತ್ತದೆ. ಬರೆದವನೇ ಪುಕ್ಕಟೆ ಕೊಟ್ಟರೆ ಎರಡು ಕೈಯಲ್ಲಿ ಇಸ್ಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಬೆಲೆ ಇಟ್ಟವನದ್ದನ್ನು ಪುಕ್ಕಟೆ ಮಾಡಿಕೊಳ್ಳುವುದು ಮಾತ್ರ ಬೇರೆ ಸಂಗತಿ.

ಮುಚ್ಚಿದ ಕಾರ್ಖಾನೆಯ ಪುಸ್ತಕಕ್ಕೆ ಯಾರಿಗೆ ದುಡ್ಡು ಕೊಡುವುದು? ಯೆಜ್ಡಿಯವರ ಈ ಪ್ರಶ್ನೆ ನೇರವಾಗಿದೆ. ಬಾಗಿಲು ಹಾಕಿದ ಮಾತ್ರಕ್ಕೆ ಕೃತಿಸ್ವಾಮ್ಯ ಸಾಯುವುದಿಲ್ಲ. ಬರೆದವರ ಹೆಸರಿಲ್ಲದೆ 1978ರಲ್ಲಿ ಬಂದ ಪುಸ್ತಕ ಎಂದಿಟ್ಟುಕೊಂಡರೂ ಲೆಕ್ಕ 60 ವರ್ಷ, ಅಂದರೆ 2038ರ ಕೊನೆಯವರೆಗೆ. ಬರೆದವರ ಹೆಸರಿದ್ದರೆ ಅವರು ತೀರಿಕೊಂಡ ಮೇಲೆ 60 ವರ್ಷ. ಆದರೆ ಕಾನೂನಿನ ಪ್ರಕಾರವೇ ಒಂದು ದಾರಿ ಇದೆ: ಹಳೇ ಅಸಲಿ ಪ್ರತಿ. ಒಮ್ಮೆ ಮಾರಾಟವಾದ ಪುಸ್ತಕವನ್ನು ಮರುಮಾರಾಟ ಮಾಡುವುದಕ್ಕೆ ಅಡ್ಡಿಯಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು, ಗುಜರಿಯವರು, ಮುಚ್ಚಿದ ಗ್ಯಾರೇಜಿನ ಅಟ್ಟ, ಹಳೇ ಡೀಲರುಗಳ ಮನೆಯ ಟ್ರಂಕು ಇವೇ ಗಣಿಗಳು. ಅಂಥ ಪ್ರತಿಗೆ ಕೊಟ್ಟ ದುಡ್ಡು ಬರೆದವನಿಗೆ ಹೋಗುವುದಿಲ್ಲ, ನಿಜ. ಆದರೆ ಗುಜರಿಯವನಿಗೆ ಅದು ತೂಕದ ರದ್ದಿಯಲ್ಲ, ಬೆಲೆಯ ವಸ್ತು ಅಂತ ತಿಳಿಯುತ್ತದೆ, ಪುಸ್ತಕ ಶೇಂಗಾ ಪೊಟ್ಟಣವಾಗದೆ ಉಳಿಯುತ್ತದೆ. ಚುಕ್ಕಿ ಅಚ್ಚಾದಲ್ಲೇ ಇರುತ್ತದೆ, ಕೆಂಪು ತಂತಿ ಕೆಂಪಾಗೇ ಇರುತ್ತದೆ.

ದೊಡ್ಡ ನಷ್ಟ ಇನ್ನೊಂದು ಕಡೆ ಇದೆ. ಅದು ಕನ್ನಡದ್ದು. ಐ.ಟಿ.ಐ. ಹುಡುಗರಿಗೆ ಫಿಟ್ಟರು, ಎಲೆಕ್ಟ್ರಿಷಿಯನ್ನು, ಮೋಟರ್ ಮೆಕ್ಯಾನಿಕ್ಕಿನ ಪಠ್ಯ ತರುವ ಸಂಸ್ಥೆ ಚೆನ್ನೈಯಲ್ಲಿದೆ, 1986ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು. ಅದು ಕಸುಬಿನ ಪಾಠ, ಒಂದು ಗಾಡಿಯ ಪುಸ್ತಕವಲ್ಲ. ಈ ಗಾಡಿಯ ಈ ಬೋಲ್ಟು ಹೀಗೆ ಬಿಚ್ಚು ಎಂದು ಕನ್ನಡದಲ್ಲಿ ಹೇಳುವ ಪುಸ್ತಕಕ್ಕೆ ಪರದಾಡಬೇಕು. ಯಾರೂ ಬರೆಯಬಾರದೆಂದೇನಿಲ್ಲ. ಯೆಜ್ಡಿಯ ಒಳಹೊರಗು ಬಲ್ಲ ಮೇಸ್ತ್ರಿಗಳು ದಾವಣಗೆರೆ, ಹೊಸಪೇಟೆ, ಮೈಸೂರಿನಲ್ಲಿ ಇನ್ನೂ ಇದ್ದಾರೆ. ಅವರಲ್ಲೊಬ್ಬರನ್ನು ಕೂರಿಸಿಕೊಂಡು, ಫೋಟೋ ಹಿಡಿದು, ಗಂಗಾವತಿಯಲ್ಲೋ ಗದಗಿನಲ್ಲೋ ಅಚ್ಚು ಹಾಕಿಸಿದರೆ ಒಂದು ಸಾವಿರ ಪ್ರತಿ ಹೋಗಬೇಕು ಖರ್ಚು ಗಿಟ್ಟಲು. ಹತ್ತನೇ ಪ್ರತಿಯೇ ವಾಟ್ಸಪ್ಪು ಹತ್ತಿದರೆ? ಮೊದಲ ಪುಸ್ತಕವೇ ಕೊನೆಯ ಪುಸ್ತಕ. ಮೇಸ್ತ್ರಿಯ ಜೊತೆಗೆ ಅವನ ಕೈಯೊಳಗಿನ ವಿದ್ಯೆಯೂ ಮಣ್ಣಿಗೆ. ಇಂಗ್ಲಿಷಿಗೆ ಲಕ್ಷಾಂತರ ಗಿರಾಕಿ, ಕಳ್ಳ ಪ್ರತಿಯ ಪೆಟ್ಟು ತಿಂದೂ ನಿಲ್ಲುತ್ತದೆ. ಕನ್ನಡದ ಪುಸ್ತಕಕ್ಕೆ ಆ ಕೊಬ್ಬಿಲ್ಲ.

ಕೊಳ್ಳುವವರು ದುಡ್ಡು ಎಣಿಸುವ ಮೊದಲು ಒಂದೆರಡು ಸಂಗತಿ ನೋಡಿಕೊಳ್ಳಬೇಕು. ಮಾಲೀಕನ ಕೈಪಿಡಿ ಬೇರೆ, ವರ್ಕ್‌ಶಾಪ್ ಪುಸ್ತಕ ಬೇರೆ, ಬಿಡಿಭಾಗಗಳ ಪಟ್ಟಿ ಬೇರೆ. ಮೊದಲನೆಯದರಲ್ಲಿ ಎಣ್ಣೆ ಹಾಕುವುದು, ಚೈನು ಬಿಗಿ ಮಾಡುವುದು ಇಷ್ಟೇ. ಎಂಜಿನ್ ಬಿಚ್ಚುವವನಿಗೆ ಎರಡನೆಯದು ಬೇಕು. ಅಂಗಡಿಗೆ ಹೋಗಿ ನಂಬರ್ ಹೇಳಿ ಸಾಮಾನು ತರುವವನಿಗೆ ಮೂರನೆಯದು. ರೋಡ್‌ಕಿಂಗಿನ ಪುಸ್ತಕ ಕ್ಲಾಸಿಕ್ಕಿಗೆ ಪೂರ್ತಿ ಹೊಂದುವುದಿಲ್ಲ, ಪಾಯಿಂಟ್ ಇದ್ದ ಗಾಡಿಯ ಪುಸ್ತಕ ಸಿ.ಡಿ.ಐ. ಗಾಡಿಗೆ ಇಗ್ನಿಷನ್ ಅಧ್ಯಾಯದಲ್ಲಿ ಕೈಕೊಡುತ್ತದೆ. ಹಳೇ ಪ್ರತಿಯಾದರೆ ಮಡಚು ನಕ್ಷೆ ಹಿಂದೆ ಅಂಟಿಕೊಂಡಿದೆಯೋ, ಯಾರಾದರೂ ಕಿತ್ತಿದ್ದಾರೋ ಬಿಡಿಸಿ ನೋಡಿ. ಕಿತ್ತಿದ್ದರೆ ಅರ್ಧ ಬೆಲೆಗೆ ಕೇಳಿ.